ಮರೆತದ್ದೋ, ಸುಮ್ಮನಾದದ್ದೋ? ಸೈಡ್ ವಿಂಗಿನಲ್ಲಿ ಕೂತು ನಾನು ಕಲಿತದ್ದು

ನಮ್ಮ ಕಡೆಯ ನಾಟಕದ ಹ್ಯಾಂಡ್‌ಬಿಲ್ ನೋಡಿದ್ದೀರಲ್ವಾ? ಮೇಲೆ ಊರ ದೇವರ ಫೋಟೊ, ನಡುವೆ ದೊಡ್ಡ ಅಕ್ಷರದಲ್ಲಿ ನಾಟಕದ ಹೆಸರು, ಕೆಳಗೆ ಸಾಲಾಗಿ ಪಾತ್ರಧಾರಿಗಳ ಫೋಟೊ. ಪಾತ್ರವರ್ಗ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಪೇಟಿ ಮಾಸ್ತರು, ತಬಲಾ, ರಂಗಸಜ್ಜಿಕೆ, ಲೈಟಿಂಗ್. ಅದರ ನಡುವೆ ಎಲ್ಲೋ ಒಂದು ಕಡೆ ‘ಪ್ರಾಂಪ್ಟರ್’ ಅಂತ ಇರುತ್ತದೆ. 22 ವರ್ಷದಿಂದ ಗದಗ, ಹಾವೇರಿ ಜಿಲ್ಲೆಯ ಹಳ್ಳಿ ನಾಟಕಗಳಲ್ಲಿ ಆ ಕೆಲಸ ನನ್ನದು. ಹಗಲು ಬೆಟಗೇರಿಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ಎಷ್ಟೋ ಊರಿನ ಆ ಹ್ಯಾಂಡ್‌ಬಿಲ್ ಜೋಡಿಸುವವನೂ ನಾನೇ.

ಪ್ರಾಂಪ್ಟರ್ ಅಂದರೆ ಸೈಡ್ ವಿಂಗಿನ (ಸ್ಟೇಜಿನ ಪಕ್ಕದ ಪಡದೆಯ) ಹಿಂದೆ ಪುಸ್ತಕ ಹಿಡಿದು ಕೂತು, ಮಾತು ಮರೆತವರಿಗೆ ಮಾತು ಕೊಡುವವನು. ಹೇಳಲು ಇಷ್ಟೇ. ಆದರೆ ಮಾತು ಯಾವಾಗ ಕೊಡಬಾರದು ಅನ್ನುವುದನ್ನು ಕಲಿಯಲು ನನಗೆ ಐದಾರು ವರ್ಷ ಹಿಡಿಯಿತು. ಈಗ ಈ ಕೆಲಸಕ್ಕೆ ಹೊಸ ಹುಡುಗರು ಕೂರುತ್ತಿದ್ದಾರೆ. ಕೈಗೆ ಪುಸ್ತಕ ಕೊಟ್ಟು ‘ಓದ್ಕೋತ ಹೋಗು’ ಅಂತ ಕೂರಿಸಿಬಿಡುತ್ತಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಹಳ್ಳಿ ನಾಟಕದ ರೀತಿ ಹೀಗೆ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದಾಗ ಊರಿನ ಹುಡುಗರು ಒಂದು ಸಾಮಾಜಿಕ ನಾಟಕ ಹಿಡಿಯುತ್ತಾರೆ. ಟ್ರ್ಯಾಕ್ಟರ್ ಓಡಿಸುವವರು, ಕಿರಾಣಿ ಅಂಗಡಿಯವರು, ಹೊಲಮನೆ ನೋಡಿಕೊಳ್ಳುವವರು. ಹಗಲೆಲ್ಲ ದುಡಿದು ರಾತ್ರಿ ಗುಡಿ ಕಟ್ಟೆಯ ಮೇಲೆ ತಾಲೀಮು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಗದಗ, ಹುಬ್ಬಳ್ಳಿ, ಇಳಕಲ್ ಕಡೆಯ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಬರುವುದು ಬಹಳ ಸಲ ನಾಟಕದ ದಿನ ಸಂಜೆಗೇ. ನಿನ್ನೆ ಒಂದು ಊರಿನಲ್ಲಿ ತಂಗಿ, ಇವತ್ತು ಇನ್ನೊಂದು ಊರಿನಲ್ಲಿ ಅತ್ತಿಗೆ. ರಾತ್ರಿ 10ಕ್ಕೆ ನಾಂದಿ ಹಾಡಿದರೆ ಮಂಗಳ ಹಾಡುವಾಗ ಬೆಳಗಿನ 4 ಆಗಿರುತ್ತದೆ. ಅಷ್ಟು ತಾಸಿನ ಮಾತನ್ನು ತಲೆಯಲ್ಲಿ ಹಿಡಿದಿಡುವುದು ಸುಲಭದ ಕೆಲಸ ಅಲ್ಲ. ಅದಕ್ಕೇ ಪ್ರಾಂಪ್ಟರ್ ಬೇಕು.

ನಾನು ಶುರು ಮಾಡಿದಾಗ ಪ್ರೆಸ್ಸಿನ ಬುದ್ಧಿಯೇ ನನ್ನ ಬುದ್ಧಿ. ಪ್ರೂಫ್ ನೋಡುವವನಿಗೆ ಒಂದು ಅಕ್ಷರ ಬಿಟ್ಟರೂ ಕಣ್ಣು ಚುಚ್ಚುತ್ತದೆ. ಹಾಗೇ ಯಾರಾದರೂ ಒಂದು ಕ್ಷಣ ನಿಂತರೆ ಸಾಕು, ಮುಂದಿನ ಸಾಲು ಎಸೆದುಬಿಡುತ್ತಿದ್ದೆ. ಎರಡನೇ ವರ್ಷ ರೋಣದ ಕಡೆಯ ಒಂದು ಹಳ್ಳಿಯಲ್ಲಿ ನಾಟಕ. ತಂದೆಯ ಪಾತ್ರಕ್ಕೆ ಒಬ್ಬ ಹಿರಿಯರು ಬಂದಿದ್ದರು. ಬಹಳ ವರ್ಷ ನಾಟಕ ಕಂಪನಿಯಲ್ಲಿ ಪಳಗಿದವರು. ಮಗನ ಹೆಣ ಅಂಗಳಕ್ಕೆ ಬಂದಿದೆ. ಅವರು ಬಂದು ನಿಂತರು. ಮಾತಿಲ್ಲ. ಜನ ಎಲ್ಲ ಗಪ್‌ಚುಪ್. ಹಿಂದೆ ಮಿರ್ಚಿ ಕರಿಯುವ ಬಂಡಿಯ ಎಣ್ಣೆ ಸದ್ದು ಮಾತ್ರ ಕೇಳುತ್ತಿತ್ತು. ನನಗೆ ಎದೆ ಡವಡವ. ಮರೆತರು ಅಂದುಕೊಂಡು ಸಾಲು ಕೊಟ್ಟೆ. ಅವರು ಕೇಳಿಸಿಕೊಳ್ಳಲಿಲ್ಲ. ಇನ್ನೂ ಜೋರಾಗಿ ಕೊಟ್ಟೆ. ಮುಂದೆ ಕೂತ ಹುಡುಗರಿಗೂ ಕೇಳಿಸಿತು, ಇಬ್ಬರು ಕಿಸಕ್ಕನೆ ನಕ್ಕರು. ಹಿರಿಯರು ಕಣ್ಣು ಮುಚ್ಚಿ ತೆಗೆದು, ನಾನು ಕೊಟ್ಟ ಮಾತು ಹೇಳಿ ಸೀನು ಮುಗಿಸಿದರು.

ಒಳಗೆ ಬಂದು ಟ್ರಂಕಿನ ಮೇಲೆ ಕೂತರು. ಬಣ್ಣ ಅಳಿಸದ ಹಾಗೆ ಪಂಚೆಯ ಚುಂಗಿನಿಂದ ಬೆವರು ಒತ್ತಿಕೊಳ್ಳುತ್ತ ನನ್ನ ಕರೆದರು.

“ತಮ್ಮಾ, ನಾ ಮಾತು ಮರ್ತಿರಲಿಲ್ಲೋ. ಮಗಾ ಸತ್ತಾನ. ಅಪ್ಪ ಅನ್ನಾಂವ ಅಷ್ಟ ಲಗೂನ ಮಾತಾಡ್ತಾನೇನು?”

ಬೈಯಲಿಲ್ಲ. ದನಿ ಏರಿಸಲಿಲ್ಲ. ಒಂದು ಕಪ್ ಚಹಾ ತರಿಸಿ ನನಗೂ ಕೊಟ್ಟರು. ಆ ಮಾತು ಮಾತ್ರ ನನ್ನೊಳಗೆ ಕೂತುಬಿಟ್ಟಿತು. ಊರಿನ ಐನೂರು, ಆರುನೂರು ಜನ ಅವರ ಜೊತೆ ಉಸಿರು ಹಿಡಿದು ನಿಂತಿದ್ದರು. ಅದನ್ನು ಕೆಡಿಸಿದವನು ನಾನು.

ಅವತ್ತಿನಿಂದ ಪುಸ್ತಕ ನೋಡುವುದು ಕಡಿಮೆ ಮಾಡಿ ಮನುಷ್ಯರನ್ನು ನೋಡಲು ಶುರು ಮಾಡಿದೆ. ಮರೆತವರ ಮೈ ಬೇರೆ ಥರ ಇರುತ್ತದೆ. ಕಾಲು ಮೊದಲು ಹೇಳುತ್ತದೆ. ಮರೆತವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾರೆ. ಕೈ ಮೀಸೆಗೋ, ಹೆಗಲ ಮೇಲಿನ ಟವೆಲ್ಲಿಗೋ ಹೋಗುತ್ತದೆ. ಹೇಳಿದ ಕೊನೆಯ ಶಬ್ದವನ್ನೇ ಇನ್ನೊಮ್ಮೆ ಹೇಳುತ್ತಾರೆ. ಆಮೇಲೆ ಕಣ್ಣು ವಿಂಗಿನ ಕಡೆ ತಿರುಗುತ್ತದೆ. ಕಣ್ಣು ತಿರುಗುವ ತನಕ ಕಾಯ್ದರೆ ತಡವಾಯಿತು, ಜನಕ್ಕೂ ಗೊತ್ತಾಗುತ್ತದೆ. ಕಾಲು ಅಲುಗಿದಾಗಲೇ ಮಾತು ಕೊಡಬೇಕು. ಬೇಕೆಂದೇ ಸುಮ್ಮನೆ ನಿಂತವರ ಮೈ ಅಲುಗುವುದಿಲ್ಲ. ಉಸಿರು ಕಟ್ಟಿರುತ್ತದೆ, ಕಣ್ಣು ಎದುರಿನ ಪಾತ್ರದ ಮೇಲೇ ಇರುತ್ತದೆ. ಆಗ ನಾವೂ ಬಾಯಿ ಕಟ್ಟಿಕೊಂಡು ಕೂರಬೇಕು.

ಈ ಉಸಿರು ಕೇಳುವ ಅಭ್ಯಾಸ ನನಗೆ ಬಂದದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ಆಶ್ರಮ. ಇಬ್ಬರಿಗೂ ಕಣ್ಣಿರಲಿಲ್ಲ. ಪುಟ್ಟರಾಜ ಗವಾಯಿಗಳು 1914ರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದವರು. ಸಂಗೀತದ ಜೊತೆಗೆ ನಾಟಕಗಳನ್ನೂ ಬರೆದರು. ಆಶ್ರಮದ್ದೇ ನಾಟಕ ಕಂಪನಿ ಇದೆ. ನಾನು ಬಿಡುವಾದಾಗ ಅಲ್ಲಿ ಹೋಗಿ ಕೂರುತ್ತಿದ್ದೆ. ಕಣ್ಣು ಕಾಣದ ಹುಡುಗ ಹಾಡುತ್ತಿದ್ದ, ಕಣ್ಣು ಕಾಣದ ಇನ್ನೊಬ್ಬ ತಬಲಾ ಹಿಡಿದಿದ್ದ. ಹಾಡುವವನು ನಿಲ್ಲಿಸಿ ಮತ್ತೆ ಎತ್ತಿಕೊಳ್ಳುವ ಜಾಗಕ್ಕೆ ತಬಲಾದವನ ಕೈ ಸರಿಯಾಗಿ ಬೀಳುತ್ತಿತ್ತು. ಹೇಗೆ ಗೊತ್ತಾಯಿತು ಅಂತ ಕೇಳಿದೆ. “ಅಂವ ಉಸಿರು ತಗೋತಾನಲ್ರಿ, ಕೇಳಸ್ತೈತಿ” ಅಂದ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಮಾತಾಡುವ ಮುಂಚೆ ಪ್ರತಿಯೊಬ್ಬ ಪಾತ್ರಧಾರಿಯೂ ಉಸಿರು ಎಳೆದುಕೊಳ್ಳುತ್ತಾನೆ. ಆ ಉಸಿರು ಬಂತು ಅಂದರೆ ಅವನ ಹತ್ತಿರ ಮಾತಿದೆ. ಉಸಿರೇ ಬರಲಿಲ್ಲ, ಕಾಲೂ ಅಲುಗಿತು ಅಂದರೆ ಮಾತಿಲ್ಲ.

ಇನ್ನು ಪುಸ್ತಕದ ವಿಷಯ. ಅಂಗಡಿಯಲ್ಲಿ ಸಿಗುವ ಅಚ್ಚಾದ ನಾಟಕದ ಪುಸ್ತಕ ಹಾಗೇ ಹಿಡಿದು ಕೂರಬೇಡಿ. ಅಕ್ಷರ ಸಣ್ಣದು, ಅಂಚಿನಲ್ಲಿ ಬರೆಯಲು ಜಾಗ ಇಲ್ಲ. ನಾನು ಹಾಳೆ ಬಿಚ್ಚಿ ಒಂದು ದೊಡ್ಡ ರಜಿಸ್ಟರಿನ ಎಡಪುಟಕ್ಕೆ ಅಂಟಿಸುತ್ತೇನೆ. ಬಲಪುಟ ಖಾಲಿ ಬಿಡುತ್ತೇನೆ. ತಾಲೀಮಿಗೆ ಕೊನೆಯ ನಾಲ್ಕೈದು ದಿನವಾದರೂ ಹೋಗಲೇಬೇಕು. ಯಾರು ಎಲ್ಲಿ ಎಡವುತ್ತಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಒಬ್ಬ ಮನುಷ್ಯ ತಾಲೀಮಿನಲ್ಲಿ ಎಡವಿದ ಜಾಗದಲ್ಲೇ ಸ್ಟೇಜಿನ ಮೇಲೂ ಎಡವುತ್ತಾನೆ, ನೂರಕ್ಕೆ ತೊಂಬತ್ತು ಸಲ. ಆ ಸಾಲಿಗೆ ಕೆಂಪು ಗೆರೆ. ಬೇಕೆಂದೇ ನಿಲ್ಲುವ ಜಾಗಕ್ಕೆ ಎರಡು ಅಡ್ಡಗೆರೆ. ಅದನ್ನು ಪಾತ್ರಧಾರಿಯನ್ನೇ ಕೇಳಿ ಹಾಕುತ್ತೇನೆ: “ಅಣ್ಣಾ, ಇಲ್ಲಿ ನಿಲ್ತೀರೇನ್ರಿ, ಮುಂದ ಹೋಗ್ತೀರೇನ್ರಿ?” ಒಂದು ಮಾತು ಕೇಳಿದರೆ ಒಂದು ರಾತ್ರಿ ಉಳಿಯುತ್ತದೆ. ಬಲಪುಟದಲ್ಲಿ ಆ ಸೀನಿಗೆ ಬೇಕಾದ ಸಾಮಾನು. ಪತ್ರ, ತಾಳಿ, ಚಾಕು, ಕುಂಕುಮದ ಬಟ್ಟಲು. ಇದು ಪ್ರಾಂಪ್ಟರ್ ಕೆಲಸ ಅಲ್ಲ ಅನ್ನುವವರಿದ್ದಾರೆ. ಪತ್ರ ಇಲ್ಲದೆ ಪತ್ರ ಓದುವ ಸೀನಿಗೆ ಹೋದವರು ಮಾತೂ ಮರೆಯುತ್ತಾರೆ. ಆಗ ಅದು ನಮ್ಮ ಕೆಲಸವೇ ಆಗುತ್ತದೆ.

ಬೆಳಕಿಗೆ ಒಂದು ಸಣ್ಣ ಬ್ಯಾಟರಿ. ಅದರ ಬಾಯಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಬೇಕು. ಬಿಳಿ ಬೆಳಕು ವಿಂಗಿನ ಬಟ್ಟೆಯಿಂದ ಹೊರಗೆ ತೂರಿ ಬರುತ್ತದೆ. ಕತ್ತಲ ಸೀನಿನಲ್ಲಂತೂ ನಿಮ್ಮ ನೆರಳು ಪಡದೆಯ ಮೇಲೆ ಬೀಳುತ್ತದೆ. ಮೊಬೈಲ್ ಬೆಳಕು ಬೇಡವೇ ಬೇಡ. ಸರಿಯಾದ ಹೊತ್ತಿಗೆ ಯಾರದೋ ಫೋನ್ ಬರುತ್ತದೆ.

ದನಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊಸಬರು ಹೆಚ್ಚು ತಪ್ಪುವುದು ಇಲ್ಲೇ. ನಮ್ಮ ಸ್ಟೇಜಿಗೆ ಮುಂದಿನ ಝಾಲರಿಯಿಂದ ಮೈಕುಗಳನ್ನು ಹಗ್ಗ ಕಟ್ಟಿ ತೂಗುಬಿಟ್ಟಿರುತ್ತಾರೆ. ಅವು ಎಲ್ಲವನ್ನೂ ಹಿಡಿಯುತ್ತವೆ. ಹೊಸಬರು ಪಿಸುಮಾತಿನಲ್ಲಿ ಹೇಳುತ್ತಾರೆ. ಪಿಸುಮಾತಿನಲ್ಲಿ ‘ಸ’, ‘ಶ’, ‘ಚ’ ಮಾತ್ರ ಸುಸ್ ಸುಸ್ ಅಂತ ದೂರ ಹೋಗುತ್ತವೆ. ಪಾತ್ರಧಾರಿಗೆ ಶಬ್ದ ತಿಳಿಯುವುದಿಲ್ಲ, ಮೈಕಿಗೆ ಮಾತ್ರ ಕೇಳಿಸುತ್ತದೆ. ಅದರ ಬದಲು ದನಿ ಇಟ್ಟೇ ಮಾತಾಡಿ. ಆದರೆ ಕೆಳಗಿನ ದನಿ, ಎದೆಯಿಂದ ಬರುವ ದನಿ. ಮಲಗಿದ ಮಗುವಿನ ಪಕ್ಕ ಕೂತು ಮನೆಯವರ ಜೊತೆ ಮಾತಾಡುತ್ತೀವಲ್ವಾ, ಆ ದನಿ. ಬಾಯಿಗೆ ಅಡ್ಡ ಕೈ ಹಿಡಿದು ಪಾತ್ರಧಾರಿಯ ಕಿವಿಯ ಕಡೆ ತಿರುಗಿಸಿ. ಪೂರ್ತಿ ಸಾಲು ಕೊಡಬೇಡಿ. ಮೊದಲ ಎರಡು ಶಬ್ದ ಸಾಕು, ಉಳಿದದ್ದು ಅವರ ಬಾಯಿಗೆ ತಾನೇ ಬರುತ್ತದೆ. ಎರಡು ಶಬ್ದಕ್ಕೂ ಬರಲಿಲ್ಲ ಅಂದರೆ ಆ ಸಾಲು ಬಿಟ್ಟು, ಎದುರಿನವರಿಗೆ ಅವರ ಮಾತು ಕೊಟ್ಟು ಮುಂದೆ ಸಾಗಿಸಿ.

ಧಾರಾವಾಹಿ ಶೂಟಿಂಗಿಗೆ ಬೆಂಗಳೂರಿಗೆ ಹೋಗಿಬಂದ ಧಾರವಾಡದ ಹುಡುಗರು ಹೇಳುತ್ತಾರೆ, ಅಲ್ಲಿ ಕ್ಯಾಮರಾ ಪಕ್ಕ ನಿಂತು ಜೋರಾಗಿಯೇ ಸಾಲು ಕೊಡುತ್ತಾರಂತೆ. ಡಬ್ಬಿಂಗ್ ಮಾಡುವಾಗ ಆ ದನಿ ಹೋಗುತ್ತದೆ. ನಮಗೆ ಆ ಅನುಕೂಲ ಇಲ್ಲ. ಇಲ್ಲಿ ಬಿದ್ದ ಮಾತು ಬಿದ್ದಹಾಗೇ ಜನರ ಕಿವಿಗೆ ಹೋಗುತ್ತದೆ.

ಆಹೇರಿ, ಅಂದರೆ ಪಾತ್ರಧಾರಿಗೆ ಮೆಚ್ಚಿ ಕೊಡುವ ಉಡುಗೊರೆ, ಬಂದಾಗ ಎಚ್ಚರ ಬೇಕು. ಒಳ್ಳೆಯ ಸೀನು ನಡೆದಿರುತ್ತದೆ, ಯಾರೋ ಮಾವನವರೋ ಗೆಳೆಯರೋ ಸ್ಟೇಜು ಹತ್ತಿ ಪಾತ್ರಧಾರಿಯ ಅಂಗಿಗೆ ನೋಟು ಚುಚ್ಚುತ್ತಾರೆ. ಮೈಕಿನಲ್ಲಿ ಹೆಸರು ಓದುತ್ತಾರೆ. ಒಬ್ಬರ ಹಿಂದೆ ನಾಲ್ವರು ಬರುತ್ತಾರೆ. ಹತ್ತು ನಿಮಿಷ ಆದ ಮೇಲೆ ಎಲ್ಲಿದ್ದೆವು ಅಂತ ಯಾರಿಗೂ ನೆನಪಿರುವುದಿಲ್ಲ. ನಾನು ಆಹೇರಿ ಶುರುವಾದ ಕೂಡಲೇ ಆ ಸಾಲಿನ ಮೇಲೆ ಬೆರಳಿಟ್ಟು ಕೂರುತ್ತೇನೆ, ತೆಗೆಯುವುದಿಲ್ಲ. ಮತ್ತೆ ಶುರು ಮಾಡುವಾಗ ನಿಂತ ಸಾಲು ಕೊಡುವುದಿಲ್ಲ. ಎರಡು ಸಾಲು ಹಿಂದೆ ಹೋಗಿ ಕೊಡುತ್ತೇನೆ. ಪಾತ್ರಧಾರಿಗೆ ಸಿಟ್ಟೋ ದುಃಖವೋ ಮತ್ತೆ ಏರಲು ಅಷ್ಟು ಜಾಗ ಬೇಕು.

ಒಂದು ರಾತ್ರಿಯ ವಿಷಯ ಹೇಳಲೇಬೇಕು. ಹಾನಗಲ್ಲ ತಾಲೂಕಿನ ಒಂದು ಹಳ್ಳಿ. ಆ ನಾಟಕದ ಮೂರನೇ ಸೀನಿನಲ್ಲಿ ಅಣ್ಣ ತಮ್ಮನನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಒಂಬತ್ತನೇ ಸೀನಿನಲ್ಲಿ, ತಾಯಿ ತೀರಿಕೊಂಡ ಮೇಲೆ, ತಮ್ಮ ವಾಪಸ್ ಬರುತ್ತಾನೆ. ಎರಡೂ ಕಡೆ ಅಣ್ಣನಿಗೆ ಒಂದೇ ಸಾಲು: “ಈ ಮನಿ ಹೊಸ್ತಿಲಾ ತುಳೀಬ್ಯಾಡ.” ಅವತ್ತು ಅಣ್ಣನ ಪಾತ್ರದವರು ಮೂರನೇ ಸೀನಿನಲ್ಲಿ ಆ ಸಾಲು ಹೇಳಿ, ಮುಂದೆ ಸರಕ್ಕನೆ ಒಂಬತ್ತನೇ ಸೀನಿಗೆ ಜಿಗಿದರು. “ಅವ್ವನ ಹೆಣಾ ನೋಡಾಕ ಬರಲಾರದಾಂವ ಈಗ ಯಾಕ ಬಂದಿ?” ಅಂದುಬಿಟ್ಟರು. ತಾಯಿಯ ಪಾತ್ರದವರು ಒಳಗೆ ಮುಂದಿನ ಸೀನಿಗೆ ಬಿಳಿ ಕೂದಲಿನ ಟೋಪಾ ಹಾಕಿಕೊಳ್ಳುತ್ತಿದ್ದರು! ತಮ್ಮನ ಪಾತ್ರದ ಹುಡುಗ ಬಾಯಿ ತೆರೆದು ನಿಂತ. ಅವನಿಗೆ ಮಾತು ಕೊಟ್ಟು ಉಪಯೋಗ ಇರಲಿಲ್ಲ, ಗಾಬರಿಯಾದವರಿಗೆ ಕಿವಿ ಕೇಳಿಸುವುದಿಲ್ಲ. ಅಣ್ಣನಿಗೆ ಹಿಂದಿನ ಸಾಲು ಕೊಟ್ಟರೆ, ಹೇಳಿದ್ದನ್ನು ನುಂಗುವುದು ಹೇಗೆ?

ಸ್ಟೇಜಿನ ಮೇಲೆ ಅಣ್ಣನ ಹೆಂಡತಿಯ ಪಾತ್ರದಲ್ಲಿ ಗದಗಿನ ಒಬ್ಬ ಕಲಾವಿದೆ ಇದ್ದರು. ನನಗೆ ಅಕ್ಕನಂಥವರು. ಅವರ ಮಾತು ಅಲ್ಲಿ ಇರಲೇ ಇಲ್ಲ, ಸುಮ್ಮನೆ ಬಾಗಿಲ ಹತ್ತಿರ ನಿಂತಿರಬೇಕಾದ ಸೀನು. ಅವರ ಕಡೆ ತಿರುಗಿ ಮೂರೇ ಶಬ್ದ ಕೊಟ್ಟೆ. “ಅತ್ತಿ ಒಳಗ ಅದಾರ.” ಪುಸ್ತಕದಲ್ಲಿ ಇಲ್ಲದ ಮಾತು. ಅವರು ಒಂದು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಸೆರಗು ಸರಿ ಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದರು. “ಏನ್ರೀ ಇದು? ಅತ್ತಿ ಒಳಗ ಪೂಜಿಗೆ ಕುಂತಾರ. ಸಿಟ್ಟಿನ್ಯಾಗ ಬದುಕಿರೋ ತಾಯೀನ ಹೆಣಾ ಅಂತೀರಲ್ಲ, ನಿಮ್ಮ ಬಾಯಿಗೆ ಇದು ಹೆಂಗರೆ ಬಂತ್ರೀ?” ಜನ ಸಿಳ್ಳು ಹಾಕಿದರು. ಅಣ್ಣನ ಪಾತ್ರದವರಿಗೆ ತಾನು ಎಲ್ಲಿದ್ದೀನಿ ಅಂತ ಹೊಳೆಯಿತು. ತಲೆ ತಗ್ಗಿಸಿದರು. ನಾನು ಅವರಿಗೆ ಮೂರನೇ ಸೀನಿನ ಮುಂದಿನ ಎರಡು ಶಬ್ದ ಕೊಟ್ಟೆ. ನಾಟಕ ಹಳಿಗೆ ಬಂತು. ಮರುದಿನ ಊರವರು ಆ ಮಾತನ್ನೇ ಹೊಗಳುತ್ತಿದ್ದರು ಅಂತ ಕೇಳಿದೆ.

ಆ ಅಕ್ಕನ ಬಗ್ಗೆ, ಅವರಂಥ ಕಲಾವಿದೆಯರ ಬಗ್ಗೆ ನನಗೆ ಬಹಳ ಗೌರವ. ಒಂದು ರಾತ್ರಿ ಬಸ್ಸಿನಲ್ಲಿ, ಇನ್ನೊಂದು ರಾತ್ರಿ ಸ್ಟೇಜಿನ ಮೇಲೆ. ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿರುತ್ತಾರೆ. ಅವರು ಊರಿಗೆ ಬಂದ ಕೂಡಲೇ ನಾನು ಹೋಗಿ ನಮಸ್ಕಾರ ಮಾಡಿ, ಪುಸ್ತಕ ಹಿಡಿದು ಅರ್ಧ ತಾಸು ಕೂರುತ್ತೇನೆ. ಈ ಊರಿನವರು ಯಾವ ಸಾಲು ಬಿಟ್ಟಿದ್ದಾರೆ, ಯಾವುದು ಸೇರಿಸಿದ್ದಾರೆ ಅಂತ ಹೇಳುತ್ತೇನೆ. ಬಣ್ಣ ಹಚ್ಚಿಕೊಳ್ಳುತ್ತಲೇ ಕೇಳಿಸಿಕೊಳ್ಳುತ್ತಾರೆ. ರಾತ್ರಿ ಒಂದೂ ತಪ್ಪುವುದಿಲ್ಲ. ಅವರನ್ನು ಬರೀ ‘ಲೇಡೀಸ್ ಪಾರ್ಟಿ’ ಅಂತ ಕರೆಯುವ ಹುಡುಗರಿಗೆ ನಾನು ಎದುರಿಗೇ ಹೇಳುತ್ತೇನೆ, ಹೆಸರು ಹಿಡಿದು ‘ಅಕ್ಕಾರ’ ಅನ್ನಿ ಅಂತ.

ಆ ರಾತ್ರಿಯಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಪುಸ್ತಕ ಕೈಗೆ ಬಂದ ಕೂಡಲೇ ಜೋಡಿ ಸಾಲು ಹುಡುಕುತ್ತೇನೆ. ಎರಡು ಸೀನಿನಲ್ಲಿ ಒಂದೇ ಥರ ಇರುವ ಮಾತು. ಹತ್ತರಲ್ಲಿ ಏಳು ನಾಟಕದಲ್ಲಿ ಇದ್ದೇ ಇರುತ್ತದೆ. ನಾಟಕ ಕಲಿಸುವ ಮಾಸ್ತರಿಗೆ ತೋರಿಸಿ ಒಂದು ಕಡೆ ಶಬ್ದ ಬದಲಿಸಿಕೊಳ್ಳುತ್ತೇವೆ. ‘ಹೊಸ್ತಿಲಾ ತುಳೀಬ್ಯಾಡ’ ಒಂದು ಕಡೆ ಇರಲಿ, ಇನ್ನೊಂದು ಕಡೆ ‘ಅಂಗಳಕ್ಕ ಕಾಲಿಡಬ್ಯಾಡ’. ಅಷ್ಟು ಸಾಕು, ಜಿಗಿತ ತಪ್ಪುತ್ತದೆ.

ಆಧುನಿಕ ನಾಟಕದವರು ನಮ್ಮನ್ನು ನೋಡಿ ಮೂಗು ಮುರಿಯುವುದುಂಟು. ಧಾರವಾಡದ ರಂಗಾಯಣದಲ್ಲಾಗಲಿ, ಹಾನಗಲ್ಲ ತಾಲೂಕಿನ ಶೇಷಗಿರಿಯಂಥ ನಾಟಕದ ಊರಿನಲ್ಲಾಗಲಿ ಪ್ರಾಂಪ್ಟರ್ ಕಾಣುವುದಿಲ್ಲ. ದಿನಗಟ್ಟಲೆ ತಾಲೀಮು ಮಾಡಿ, ಎಲ್ಲರೂ ಎಲ್ಲರ ಮಾತನ್ನೂ ಕಲಿತಿರುತ್ತಾರೆ. ಆ ನಾಟಕಗಳನ್ನು ನಾನೂ ನೋಡುತ್ತೇನೆ, ಅವುಗಳ ಮೌನ ನನಗೆ ಇಷ್ಟ. ಆದರೆ ದಿನಕ್ಕೊಂದು ಊರು, ಊರಿಗೊಂದು ನಾಟಕ ಅನ್ನುವ ಬದುಕು ಬೇರೆ. ನಮ್ಮ ಗದಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಇಲ್ಲಿಯದೇ. ಊರೂರು ತಿರುಗುವ ಆ ಕಂಪನಿಗಳ ದಾರಿಯಲ್ಲೇ ಹಳ್ಳಿ ನಾಟಕವೂ ಬೆಳೆದದ್ದು. ಪುಸ್ತಕ ಹಿಡಿದು ವಿಂಗಿನಲ್ಲಿ ಕೂತವನು ಅದರ ಒಂದು ಭಾಗ. ತಾಲೀಮಿನ ಕೊರತೆ ಮುಚ್ಚಲು ಮಾತ್ರ ನಮ್ಮನ್ನು ಕೂರಿಸಿದರೆ ಅದು ಸರಿಯಲ್ಲ, ಒಪ್ಪುತ್ತೇನೆ. ಹೆಜ್ಜೆಗೊಂದು ಸಾಲು ಮರೆಯುವ ಹೀರೋನನ್ನು ಯಾವ ಪ್ರಾಂಪ್ಟರ್ ಕೂಡ ಉಳಿಸಲಾರ. ಆ ಮಾತು ಊರಿನ ಹುಡುಗರಿಗೆ ತಾಲೀಮಿನ ಮೊದಲ ದಿನವೇ ಹೇಳಿಬಿಡುತ್ತೇನೆ.

ಕಿವಿಗೆ ಇಯರ್‌ಫೋನ್ ಹಾಕಿ ಹೇಳಿಕೊಡಬಹುದಲ್ಲ ಅಂತ ಈಗಿನ ಹುಡುಗರು ಕೇಳುತ್ತಾರೆ. ಒಮ್ಮೆ ತಾಲೀಮಿನಲ್ಲಿ ಮಾಡಿ ನೋಡಿದೆವು. ಕಿವಿಯಲ್ಲಿ ನನ್ನ ದನಿ ಇದ್ದಷ್ಟು ಹೊತ್ತು ಹುಡುಗ ಎದುರಿನವಳ ಮಾತು ಕೇಳಲೇ ಇಲ್ಲ. ಅವಳು ಅಳುತ್ತಿದ್ದಳು, ಇವನ ಮುಖದಲ್ಲಿ ಏನೂ ಇಲ್ಲ. ತೆಗೆಸಿಬಿಟ್ಟೆ.

ನಾಟಕ ಮುಗಿದ ಮೇಲೂ ಕಾಲು ತಾಸಿನ ಕೆಲಸ ಇರುತ್ತದೆ. ನಿದ್ದೆ ಎಷ್ಟೇ ಬರಲಿ, ಅವತ್ತಿನ ತಾರೀಖು ಹಾಕಿ ಯಾರು ಎಲ್ಲಿ ಎಡವಿದರು, ನಾನು ಎಲ್ಲಿ ಬೇಗ ಕೊಟ್ಟೆ, ಎಲ್ಲಿ ತಡ ಮಾಡಿದೆ ಅಂತ ಬಲಪುಟದಲ್ಲಿ ಬರೆದಿಡುತ್ತೇನೆ. ಅದೇ ನಾಟಕ ಮುಂದಿನ ತಿಂಗಳು ಇನ್ನೊಂದು ಊರಿಗೆ ಬರುತ್ತದೆ.

ಹೋದ ಜಾತ್ರೆಯಲ್ಲಿ ಶಿರಹಟ್ಟಿ ಕಡೆಯ ಒಂದು ಊರಿನಲ್ಲಿ ಅದೇ ಅಕ್ಕನ ಜೊತೆ ಕೆಲಸ ಮಾಡಿದೆ. ಮಂಗಳ ಮುಗಿದಾಗ ಕೋಳಿ ಕೂಗುತ್ತಿತ್ತು. ಗದಗಿಗೆ ಮೊದಲ ಬಸ್ಸು ಇನ್ನೂ ಬಂದಿರಲಿಲ್ಲ. ಬಣ್ಣ ತೊಳೆದುಕೊಂಡು, ಕಿವಿಯ ಹಿಂದೆ ಇನ್ನೂ ಸ್ವಲ್ಪ ಬಣ್ಣ ಉಳಿದಿತ್ತು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ರಜಿಸ್ಟರು ತೆರೆದಿದ್ದೆ.

“ತಮ್ಮಾ, ಏಳನೇ ಸೀನಿನ್ಯಾಗ, ಪತ್ರಾ ಓದೋ ಮುಂದ, ನೀ ಮಾತು ಕೊಡಲಿಲ್ಲಲಾ.”

“ನೀವು ಉಸಿರು ತಗೊಂಡ್ರಿ ಅಕ್ಕಾ. ಅದಕ್ಕ ಸುಮ್ನ ಕುಂತೆ.”

“ಖರೇನ ಮರ್ತಿದ್ದೆ. ಉಸಿರು ತಗೊಂಡ ಮ್ಯಾಲೆ ನೆನಪಾತು.”

ಆ ಸಾಲಿನ ಎದುರು ಪೆನ್ಸಿಲಿನಿಂದ ಸಣ್ಣದೊಂದು ಚುಕ್ಕಿ ಇಟ್ಟೆ. ಅಷ್ಟರಲ್ಲಿ ಬಸ್ಸು ಬಂತು.